ಬ್ರಿಸ್ಟಲ್‌ನ ರಾತ್ರಿ ಓಟ

ಅಮೆರಿಕದ ಟೆನೆಸಿ ರಾಜ್ಯದ ಬ್ರಿಸ್ಟಲ್‌ ಓಟಪಥದಲ್ಲಿ ಮೊದಲ ನಾಸ್ಕಾರ್ ಕಾರು ಸ್ಪರ್ಧೆ ನಡೆದದ್ದು 1961ರ ಜುಲೈ 30ರಂದು. ಗೆದ್ದವನು ಜ್ಯಾಕ್ ಸ್ಮಿತ್. ಆದರೆ ಅರ್ಧದಲ್ಲೇ ಇಳಿದ ಅವನ ಬದಲು ಕಾರನ್ನು ಗುರಿ ಮುಟ್ಟಿಸಿದವನು ಜಾನಿ ಆ್ಯಲನ್! 1969ರಲ್ಲಿ ತಿರುವುಗಳನ್ನು ಬಾಣಲೆಯ ಅಂಚಿನಂತೆ ಕಡಿದಾಗಿಸಲಾಯಿತು. 1978ರಿಂದ ಬೇಸಿಗೆಯ ಓಟ ದೀಪದ ಬೆಳಕಿಗೆ ಬಂತು. 1992ರಲ್ಲಿ ಡಾಂಬರು ಹೋಗಿ ಕಾಂಕ್ರೀಟ್ ಬಂತು.

ಪಥದ ಒಂದು ಸುತ್ತು ಸುಮಾರು 860 ಮೀಟರ್, ಓಟಕ್ಕೆ 500 ಸುತ್ತು. ಸುತ್ತೊಂದಕ್ಕೆ ಹದಿನೈದು ಸೆಕೆಂಡಿನ ಆಸುಪಾಸು ಸಾಕಾದ್ದರಿಂದ ಮುಂದಿರುವವನು ಬೇಗನೆ ಹಿಂದುಳಿದವರ ಗುಂಪಿಗೆ ಸಿಲುಕುತ್ತಾನೆ. ಒಂದು ತಾಗಾಟಕ್ಕೆ ಲೆಕ್ಕವೆಲ್ಲ ತಲೆಕೆಳಗು. 1999ರಲ್ಲಿ ಕೊನೆಯ ಸುತ್ತಿನಲ್ಲಿ ಟೆರ್‍ರಿ ಲಬಾಂಟಿಯ ಕಾರಿಗೆ ಹಿಂದಿನಿಂದ ತಾಗಿಸಿ ಡೇಲ್ ಅರ್ನ್‌ಹಾರ್ಟ್ ಗೆದ್ದಾಗ ಪ್ರೇಕ್ಷಕರೇ ಕೂಗಿ ಛೀಮಾರಿ ಹಾಕಿದರು.

ಬಾಜಿ ಕಟ್ಟುವವರಿಗೆ ರುಚಿಸುವುದೂ ಈ ಅನಿಶ್ಚಿತತೆಯೇ. ಗೆಲ್ಲುವವನನ್ನು ಊಹಿಸುವುದು ಕಷ್ಟ. ಹಾಗಾಗಿ ಮೊದಲ ಮೂವರಲ್ಲಿ ಯಾರಿರುತ್ತಾರೆ, ಇಬ್ಬರಲ್ಲಿ ಯಾರು ಮುಂದೆ ಎಂಬ ಪಣಗಳೂ ಉಂಟು. ನೆಚ್ಚಿನ ಚಾಲಕ ಗೋಡೆಗೆ ಬಡಿದರೆ ಕಟ್ಟಿದ ಹಣ ಹೋದಂತೆಯೇ. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬಾಜಿಯ ಮೇಲಿನ ಕೇಂದ್ರ ನಿರ್ಬಂಧವನ್ನು ರದ್ದುಪಡಿಸಿತು. ಬ್ರಿಸ್ಟಲ್ ಇರುವ ಟೆನೆಸಿಯಲ್ಲಿ ಆನ್‌ಲೈನ್ ಬಾಜಿ 2020ರ ನವೆಂಬರ್ 1ರಂದು ಕಾನೂನುಬದ್ಧವಾಗಿ ಆರಂಭವಾಯಿತು.