ದಾನಶಾಸನಗಳ ಹಿಂದಿನ ಒಕ್ಕಲುಮಕ್ಕಳು

ಬಸದಿಗಳ ಚರಿತ್ರೆಯನ್ನು ಬರೆಯುವಾಗ ದಾನವಿತ್ತ ಅರಸರು, ಮಾಡಿಸಿದ ದಂಡನಾಯಕರು, ದಾನವನ್ನು ಕೈಕೊಂಡ ಆಚಾರ್ಯರು ಇವರ ಕೀರ್ತಿಯನ್ನು ವರ್ಣಿಸುವುದು ವಾಡಿಕೆ. ಆದರೆ ದಾನವಾಗಿ ಸಂದುದೇನು, ಅದನ್ನು ದುಡಿದು ಬೆಳೆದವರಾರು ಎಂಬುದೂ ವಿಚಾರಾರ್ಹವಾದುದು.

ಹೊಯ್ಸಳರ ಭಂಡಾರಿ ಹುಳ್ಳನು ಶ್ರವಣಬೆಳಗೊಳದಲ್ಲಿ ಚತುರ್ವಿಂಶತಿ ತೀರ್ಥಂಕರರ ಬಸದಿಯನ್ನು ಮಾಡಿಸಿದನು. 1159ರಲ್ಲಿ ಒಂದನೆಯ ನರಸಿಂಹನು ಅದಕ್ಕೆ ‘ಭವ್ಯಚೂಡಾಮಣಿ’ ಎಂದು ಹೆಸರಿತ್ತು ಸವಣೇರು ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ಇಂತಹ ದತ್ತಿಯೆಂದರೆ ಸಾಮಾನ್ಯವಾಗಿ ಒಕ್ಕಲುಗಳನ್ನು ನೆಲದಿಂದ ಎಬ್ಬಿಸುವುದಲ್ಲ. ಅವರು ಅರಮನೆಗೆ ತೆರುತ್ತಿದ್ದ ಸಿದ್ಧಾಯವೇ ಮೊದಲಾದ ತೆರಿಗೆಗಳು ಅಂದಿನಿಂದ ದೇವರ ಪೂಜೆಗೂ ಋಷಿಗಳ ಆಹಾರದಾನಕ್ಕೂ ಜೀರ್ಣೋದ್ಧಾರಕ್ಕೂ ಸಲ್ಲುವಂತೆ ಮಾಡುವುದು. ತೆರಿಗೆ ಪಡೆಯುವವರು ಬದಲಾದರೇ ಹೊರತು ತೆರುವವನು ಬದಲಾಗಲಿಲ್ಲ.

ಅಂದಿನ ಗ್ರಾಮಸಮಾಜದಲ್ಲಿ ಹಲವು ಅಂತಸ್ತುಗಳಿದ್ದವು. ತೆರಿಗೆಯನ್ನೆತ್ತಿ ಊರನ್ನು ಕಾಯುವ ಗಾವುಂಡನು ಮುಂದಾಳು. 10ನೆಯ ಶತಮಾನದ ಆರಂಭದಲ್ಲಿ ನಾಗರಖಂಡದ ನಾಳ್ಗಾವುಂಡನಾದ ಪತಿಯು ತೀರಿಕೊಳ್ಳಲು, ಆ ಪದವಿಯನ್ನು ವಹಿಸಿ ಸಮರ್ಥವಾಗಿ ಆಳಿದ ಶ್ರಾವಕಿ ಜಕ್ಕಿಯಬ್ಬೆಯು ಈ ವರ್ಗದವಳು. ಅಗ್ರಹಾರಗಳಲ್ಲಿ ಮಹಾಜನರು, ಪೇಟೆಗಳಲ್ಲಿ ಸೆಟ್ಟಿಗಳು ತಮ್ಮ ತಮ್ಮ ಸಂಘಗಳಿಂದ ಬಲಿಷ್ಠರಾಗಿದ್ದರು. ಗದ್ದೆ ಬೆದ್ದಲುಗಳನ್ನು ಉಳುವ ಒಕ್ಕಲುಗಳು, ಕಮ್ಮಾರ ಬಡಗಿ ಮೊದಲಾದ ಕುಶಲಕರ್ಮಿಗಳು ಇವರ ಕೆಳಗೆ. ಎಲ್ಲರಿಗಿಂತ ಕೆಳಗೆ ಸ್ವಂತ ನೆಲವಿಲ್ಲದ ಆಳುಗಳು.

ಒಕ್ಕಲಿಗನ ಬಾಳು ಕೆರೆಯ ನೀರನ್ನೂ ನೆಲವನ್ನಳೆಯುವ ಕೋಲಿನ ಉದ್ದವನ್ನೂ ಅವಲಂಬಿಸಿತ್ತು. ಅಳತೆಗೋಲು ಎಲ್ಲೆಡೆಯೂ ಒಂದೇ ಆಗಿರಲಿಲ್ಲ. ಅದು ಗಿಡ್ಡವಾದರೆ ಅಷ್ಟೇ ನೆಲದ ಲೆಕ್ಕ ಹೆಚ್ಚಿ ತೆರಿಗೆಯೂ ಹೆಚ್ಚುತ್ತಿತ್ತು. ತೆರಿಗೆಯಲ್ಲದೆ ಕೂಲಿಯಿಲ್ಲದ ಬಿಟ್ಟಿಯ ದುಡಿಮೆಯೂ ಇತ್ತು. ಹೊರೆ ಮಿತಿಮೀರಿದಾಗ ಊರನ್ನೇ ತೊರೆದು ಹೋಗುವುದೊಂದೇ ಆತನಿಗಿದ್ದ ಅಸ್ತ್ರ. ಹಾಗೆ ಹೋದವರನ್ನು ಮರಳಿ ಕರೆತರಲು ತೆರಿಗೆಯನ್ನು ಇಳಿಸಿದುದನ್ನು ವಿಜಯನಗರ ಕಾಲದ ಶಾಸನಗಳು ತಿಳಿಸುತ್ತವೆ.

ಬದುಕಿರುವಾಗ ಈತನ ಹೆಸರು ಕಲ್ಲಿಗೇರುವುದು ವಿರಳ. ತುರುಗಳನ್ನು ಕಾದು ಮಡಿದಾಗ ಒಂದು ವೀರಗಲ್ಲು ನಿಲ್ಲುತ್ತಿತ್ತು. ಕೆಲವೊಮ್ಮೆ ಆತನ ಕುಟುಂಬಕ್ಕೆ ನೆತ್ತರುಗೊಡಗೆಯಾಗಿ ಭೂಮಿ ದೊರೆಯುತ್ತಿತ್ತು. ಧರ್ಮವನ್ನು ಅಳಿದವನಿಗೆ ಘೋರಪಾಪವನ್ನು ಸಾರುವ ಶಾಸನಗಳು ಆ ಧರ್ಮವನ್ನು ವರ್ಷವರ್ಷವೂ ದುಡಿದು ನಡೆಸಿದವನ ವಿಷಯದಲ್ಲಿ ಬಹುಮಟ್ಟಿಗೆ ಮೌನವಾಗಿವೆ. ದಾನಿಗಳ ಪುಣ್ಯಸ್ಮರಣೆಯೊಡನೆ ಆ ಹೆಸರಿಲ್ಲದ ಒಕ್ಕಲುಮಕ್ಕಳ ಸ್ಮರಣೆಯೂ ಸೇರಿದಾಗಲೇ ಬಸದಿಗಳ ಚರಿತ್ರೆ ಪೂರ್ಣವಾಗುವುದು.