ಹೆಗ್ಗೋಡಿನ ಒಂದು ವಾರ, ನಮ್ಮ ಕಡೆಯ ಪರದೆ

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನಲ್ಲಿ ಹೆಗ್ಗೋಡು ಅಂತ ಒಂದು ಹಳ್ಳಿ ಇದೆ. ಅಡಿಕೆ ತೋಟದ ಊರು, ನಮ್ಮ ಗೋರಂಟ್ಲಕ್ಕಿಂತ ಬಹಳ ಚಿಕ್ಕದು. ಅಲ್ಲಿ ವರ್ಷಕ್ಕೊಂದು ಸಲ, ಸಾಮಾನ್ಯವಾಗಿ ಅಕ್ಟೋಬರ್ ತಿಂಗಳಲ್ಲಿ, ಒಂದು ವಾರ ಸಂಸ್ಕೃತಿ ಶಿಬಿರ ನಡೆಯುತ್ತೆ. ಹಗಲು ಮಾತು, ಚರ್ಚೆ. ಸಂಜೆ ಆದ ಮೇಲೆ ನಾಟಕ, ಸಂಗೀತ. ಜೊತೆಗೆ ಸಿನಿಮಾ. ದೂರದೂರದಿಂದ ಮೇಷ್ಟ್ರುಗಳು, ಓದೋ ಹುಡುಗರು, ಬರೆಯೋರು ಬಂದು ಏಳು ದಿನ ಅಲ್ಲೇ ಉಂಡು, ಅಲ್ಲೇ ಮಲಗಿ, ನೋಡಿದ್ದರ ಬಗ್ಗೆ ಮಾತಾಡ್ತಾರೆ. ಯು. ಆರ್. ಅನಂತಮೂರ್ತಿಯಂಥ ದೊಡ್ಡವರೂ ವರ್ಷ ವರ್ಷ ಬಂದು ಕೂರ್ತಿದ್ದರು. ಪಟ್ಟಣದಲ್ಲಿ ಆಗದ ಕೆಲಸ ಒಂದು ಹಳ್ಳಿಯಲ್ಲಿ ಹೇಗಾಯ್ತು ಅನ್ನೋ ಚರಿತ್ರೆಯನ್ನು ನಮ್ಮ ವಾಚನಾಲಯದ ಓದುಗರಿಗೆ ಹೇಳಬೇಕು ಅಂತ ಇದನ್ನು ಬರೀತಾ ಇದ್ದೀನಿ. ನಾನು ಓದಿದ್ದು ಏಳನೇ ಕ್ಲಾಸು. ಭಾಷೆ ಒರಟಾಗಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಹೆಗ್ಗೋಡಿನ ಸಂಸ್ಥೆಯ ಪೂರ್ತಿ ಹೆಸರು ಶ್ರೀ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ. ಬಾಯಲ್ಲಿ ನೀನಾಸಂ. ದೇವರ ಹೆಸರಿಟ್ಟುಕೊಂಡು ಊರಿನವರೇ ಕಟ್ಟಿದ ನಾಟಕದ ಸಂಘ. ಇಂಥ ಸಂಘ ನಮ್ಮ ಸೀಮೆಯ ಊರೂರಲ್ಲೂ ಇತ್ತಲ್ಲ! ಅದು ಶುರುವಾಗಿದ್ದು 1949ರಲ್ಲಿ. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರು ಹುಟ್ಟಿದ್ದು 1932ರಲ್ಲಿ. ಮೈಸೂರಿಗೆ ಹೋಗಿ ಓದಿದರು. ಓದಿದವರು ನೌಕರಿ ಹಿಡಿದು ಪಟ್ಟಣದಲ್ಲೇ ನಿಲ್ಲೋದು ವಾಡಿಕೆ. ಇವರು ತಿರುಗಿ ಊರಿಗೆ ಬಂದು ಅಡಿಕೆ ತೋಟ ನೋಡಿಕೊಂಡರು. ಅಕ್ಷರ ಪ್ರಕಾಶನ ಅಂತ ಪುಸ್ತಕ ಅಚ್ಚು ಹಾಕಿಸಿದರು. ನಾಟಕ ಆಡಿಸಿದರು.

ಇಲ್ಲಿ ವರ್ಷಗಳನ್ನು ಸ್ವಲ್ಪ ಗಮನ ಇಟ್ಟು ನೋಡಬೇಕು. ಸಂಘ ಶುರುವಾಗಿದ್ದು 1949. ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿದ್ದು 1972. ನಡುವೆ 23 ವರ್ಷ. ಅಷ್ಟೂ ವರ್ಷ ಸ್ವಂತ ರಂಗಮಂದಿರ ಇಲ್ಲದೇ ಆಟ ನಡೀತು. 1973ರಲ್ಲಿ ನೀನಾಸಂ ಚಿತ್ರಸಮಾಜ, ಅಂದರೆ ಒಳ್ಳೆಯ ಸಿನಿಮಾ ತರಿಸಿ ನೋಡೋ ಸಂಘ. 1980ರಲ್ಲಿ ನಾಟಕ ಕಲಿಸೋ ಶಾಲೆ. 1985ರಲ್ಲಿ ತಿರುಗಾಟ, ಅಂದರೆ ಊರೂರು ಸುತ್ತಿ ಆಡೋ ಮೇಳ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ತೀರಿಕೊಂಡಿದ್ದು 2005ರಲ್ಲಿ. ಅವರು ಹೋದ ಮೇಲೂ ಕೆಲಸ ನಿಂತಿಲ್ಲ.

ಮೊದಲು ಆಟ, ಆಮೇಲೆ ಕಟ್ಟಡ. ಇದು ಆ ಊರಿನ ಕ್ರಮ. ನಮ್ಮ ಸೀಮೆಯಲ್ಲಿ ನಾನು ಕಂಡಿರೋದು ತಿರುಗುಮುರುಗು. ಒಂದೂರಲ್ಲಿ ಸಮುದಾಯ ಭವನ ಅಂತ ಕಟ್ಟಿದರು. ಕಲ್ಲಿನ ಮೇಲೆ ಹೆಸರು ಕೆತ್ತಿಸಿದರು. ಆಡೋ ಮೇಳ ಇರಲಿಲ್ಲ, ಆಡಿಸೋ ಮೇಷ್ಟ್ರು ಇರಲಿಲ್ಲ. ಈಗ ಅದರಲ್ಲಿ ಗೊಬ್ಬರದ ಮೂಟೆ ಇದೆ.

ಇನ್ನು ಸಿನಿಮಾ ಮಾತು. ಚಿತ್ರಸಮಾಜದವರು ಹಳ್ಳಿಯವರಿಗೆ ತೋರಿಸಿದ್ದು ಎಂಥವು ಗೊತ್ತಾ? ಬಂಗಾಳದ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ', ಜಪಾನಿನ ಕುರೊಸಾವಾ ಅವರ 'ರಾಶೋಮಾನ್', ಇಟಲಿಯ 'ಬೈಸಿಕಲ್ ಥೀವ್ಸ್'. ಗದ್ದೆ ಕೆಲಸದವರಿಗೆ, ತೋಟದ ಕೂಲಿಯವರಿಗೆ ಇದೆಲ್ಲ ಏನು ಅರ್ಥ ಆಗುತ್ತೆ ಅಂತ ನಗೋರು ಇದ್ದೇ ಇರ್ತಾರೆ. ಸುಬ್ಬಣ್ಣನವರು ಆ ಮಾತಿಗೆ ಸೊಪ್ಪು ಹಾಕಲಿಲ್ಲ. ಪುಣೆಯ ಸಿನಿಮಾ ಶಾಲೆಯ ಸತೀಶ್ ಬಹಾದೂರ್ ಅವರಂಥವರನ್ನು ಕರೆಸಿ, ಸಿನಿಮಾ ನೋಡೋದು ಹೇಗೆ ಅಂತ ಶಿಬಿರ ಮಾಡಿಸಿದರು. ಆ ಸಿನಿಮಾ ಶಿಬಿರವೇ ಬೆಳೀತಾ ಬೆಳೀತಾ ಈಗಿನ ಸಂಸ್ಕೃತಿ ಶಿಬಿರ ಆಯ್ತು.

ಆ ಕತೆಗಳನ್ನು ಒಂದು ಸಲ ಕೇಳಿ. 'ಬೈಸಿಕಲ್ ಥೀವ್ಸ್' 1948ರದ್ದು. ಯುದ್ಧ ಮುಗಿದ ಮೇಲೆ ರೋಮ್ ಪಟ್ಟಣದಲ್ಲಿ ಒಬ್ಬ ಬಡವನಿಗೆ ಗೋಡೆಗೆ ಪೋಸ್ಟರ್ ಅಂಟಿಸೋ ಕೆಲಸ ಸಿಗುತ್ತೆ. ಸೈಕಲ್ ಇದ್ದರೆ ಮಾತ್ರ ಕೆಲಸ. ಹೆಂಡತಿ ಹಾಸಿಗೆ ಬಟ್ಟೆ ಅಡ ಇಟ್ಟು ಸೈಕಲ್ ಬಿಡಿಸಿಕೊಡ್ತಾಳೆ. ಮೊದಲ ದಿನವೇ ಸೈಕಲ್ ಕಳವು. ಅಪ್ಪ ಮಗ ಊರೆಲ್ಲ ಹುಡುಕ್ತಾರೆ. ಕೊನೆಗೆ ಅಪ್ಪನೇ ಇನ್ನೊಬ್ಬರ ಸೈಕಲ್ ಕದಿಯಕ್ಕೆ ಹೋಗಿ ಮಗನ ಕಣ್ಣೆದುರಿಗೇ ಸಿಕ್ಕಿಬೀಳ್ತಾನೆ. ಕೊಳವೆಬಾವಿ ತೋಡಿಸಕ್ಕೆ ತಾಳಿ ಅಡ ಇಟ್ಟ ನಮ್ಮ ಸೀಮೆಯ ಹೆಂಗಸಿಗೆ ಈ ಕತೆ ತಿಳಿಯಲ್ವಾ?

'ಪಥೇರ್ ಪಾಂಚಾಲಿ' 1955ರದ್ದು. ಅದರಲ್ಲಿ ದುರ್ಗಾ ಅನ್ನೋ ಹುಡುಗಿ ಮೊದಲ ಮಳೆಯಲ್ಲಿ ಕೂದಲು ಬಿಚ್ಚಿ ಕುಣಿದು, ಜ್ವರ ಬಂದು ಸಾಯ್ತಾಳೆ. ಹೆಗ್ಗೋಡಿನವರು ಮಲೆನಾಡಿನವರು. ಮಳೆ ಕೊಡೋದನ್ನೂ ಕಂಡವರು, ಕಿತ್ಕೊಳ್ಳೋದನ್ನೂ ಕಂಡವರು. ನಮಗೆ ಮಳೆ ಅಂದರೆ ಬರೀ ಕಾಯೋದು. ದೇಶದಲ್ಲೇ ಬಹಳ ಕಡಿಮೆ ಮಳೆ ಬೀಳೋ ಸೀಮೆ ನಮ್ಮ ಅನಂತಪುರದ ಕಡೆ. ಒಂದೇ ಸಿನಿಮಾ ಅಲ್ಲಿ ನೋಡಿದವನಿಗೆ ಒಂದು ಥರ, ಇಲ್ಲಿ ನೋಡಿದವನಿಗೆ ಇನ್ನೊಂದು ಥರ. ಅದಕ್ಕೇ ನೋಡಿ ಎದ್ದು ಹೋಗಬಾರದು, ಕೂತು ಮಾತಾಡಬೇಕು ಅನ್ನೋದು. ಆ ಶಿಬಿರದ ಜೀವ ಇರೋದು ಈ ಕೂತು ಮಾತಾಡೋದರಲ್ಲಿ.

ಈಗ ನಮ್ಮ ಕಡೆಗೆ ಬರೋಣ. ಬೆಳಕು ಬಿಟ್ಟು ಪರದೆ ಮೇಲೆ ಕತೆ ಆಡಿಸೋದು ನಮಗೆ ಹೊಸದಲ್ಲ. ಸಿನಿಮಾ ಬರೋಕೆ ಎಷ್ಟೋ ಕಾಲದ ಮುಂಚೆ ನಮ್ಮಲ್ಲಿ ತೊಗಲುಬೊಂಬೆ ಆಟ ಇತ್ತು. ಬಿಳಿ ಬಟ್ಟೆ ಬಿಗಿದು, ಹಿಂದೆ ಎಣ್ಣೆ ದೀಪ ಇಟ್ಟು, ಬಣ್ಣ ಹಾಕಿದ ಚರ್ಮದ ಬೊಂಬೆಗಳನ್ನು ಪರದೆಗೆ ಒತ್ತಿ ಕುಣಿಸೋರು. ರಾಮಾಯಣ, ಭಾರತ. ನಡುನಡುವೆ ನಗಿಸಕ್ಕೆ ಕನ್ನಡದ ಕಡೆ ಕಿಳ್ಳೇಕ್ಯಾತ, ತೆಲುಗಿನ ಕಡೆ ಕೇತಿಗಾಡು, ಎರಡೂ ಕಡೆಗೂ ಬಂಗಾರಕ್ಕ. ಲೇಪಾಕ್ಷಿ ನಮಗೆ ಹತ್ತಿರ. ಆ ದೇವಸ್ಥಾನದ ಚಾವಣಿ ಮೇಲೆ ವಿಜಯನಗರದ ಕಾಲದ ಚಿತ್ರಗಳಿವೆ. ಮುಖ ಪಕ್ಕಕ್ಕೆ ತಿರುಗಿರುತ್ತೆ, ಕಣ್ಣು ದೊಡ್ಡದು, ಸೀರೆ ಅಂಚು ಚೂಪು. ಆ ಚಿತ್ರ ನೋಡಿ, ಆಮೇಲೆ ಬೊಂಬೆ ನೋಡಿ. ಅಣ್ಣತಮ್ಮಂದಿರ ಹಾಗೆ ಕಾಣ್ತವೆ.

ಮಳೆ ಬರದ ವರ್ಷ ವಿರಾಟಪರ್ವ ಆಡಿಸೋರು. ವಿರಾಟಪರ್ವ ಓದಿದರೆ, ಆಡಿದರೆ ಮಳೆ ಬರುತ್ತೆ ಅನ್ನೋ ನಂಬಿಕೆ ಗಡಿಯ ಎರಡೂ ಕಡೆ ಇದೆ. ನಾನು ಚಿಕ್ಕವನಿದ್ದಾಗ ಬೊಂಬೆಯವರು ಬಂದರೆ ಊರಿಗೆ ಊರೇ ಕಂಬಳಿ ಹೊದ್ದು ಬೆಳಗಾಗೋವರೆಗೂ ಕೂತಿರೋದು. ಆಡಿಸೋರು ಮನೆಯಲ್ಲಿ ಮರಾಠಿ ಬೆರೆತ ಮಾತಾಡೋರು, ಪರದೆ ಹಿಂದೆ ತೆಲುಗು ಹಾಡೋರು, ಕನ್ನಡದ ಊರು ಬಂದರೆ ಕನ್ನಡಕ್ಕೆ ತಿರುಗೋರು. ಇವತ್ತೂ ಧರ್ಮವರಂ ಹತ್ತಿರ ನಿಮ್ಮಲಕುಂಟದಲ್ಲಿ ಆ ಮನೆತನಗಳಿವೆ. ಅಲ್ಲಿಯ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಕೊಟ್ಟರು. ಬಳ್ಳಾರಿ ಕಡೆ ಬೆಳಗಲ್ಲು ವೀರಣ್ಣನವರು ಗಾಂಧೀಜಿ ಕತೆಯನ್ನೇ ತೊಗಲುಬೊಂಬೆಯಲ್ಲಿ ಆಡಿಸಿದರು. ಅವರು 2023ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ನಾಟಕಕ್ಕೂ ನಮ್ಮ ಸೀಮೆ ಬಡವಾಗಿರಲಿಲ್ಲ. ಬಳ್ಳಾರಿ ರಾಘವ ಅಂತ ದೇಶಕ್ಕೇ ಹೆಸರಾದ ನಟ ಹುಟ್ಟಿದ್ದು 1880ರಲ್ಲಿ, ನಮ್ಮ ತಾಡಿಪತ್ರಿಯಲ್ಲಿ. ವಕೀಲಿ ಮಾಡ್ತಾ ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಪಾತ್ರ ಮಾಡಿದರು. ಹೆಣ್ಣಿನ ಪಾತ್ರ ಹೆಂಗಸರೇ ಮಾಡಲಿ ಅಂತ ಆ ಕಾಲದಲ್ಲೇ ಹೇಳಿದರು. 1939ರಲ್ಲಿ 'ರೈತುಬಿಡ್ಡ' ಅನ್ನೋ ತೆಲುಗು ಸಿನಿಮಾದಲ್ಲೂ ಇದ್ದರು. ಜಮೀನ್ದಾರರ ದಬ್ಬಾಳಿಕೆ, ರೈತರ ಪಾಡು ಅದರ ಕತೆ. ಅದನ್ನು ನಿಷೇಧ ಮಾಡಿದ್ದರು. ಆ ಕಡೆ ತುಮಕೂರು ಸೀಮೆಯಲ್ಲಿ ಗುಬ್ಬಿ ಕಂಪನಿ 1884ರಿಂದ. ಗುಬ್ಬಿ ವೀರಣ್ಣನವರ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ ಕುದುರೆ ರಂಗಕ್ಕೆ ಬಂದವು. ಆ ಗಾಳಿ ಪಾವಗಡ, ಮಡಕಶಿರಾ ಕಡೆಗೆಲ್ಲ ಬೀಸಿತು. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ರಾತ್ರಿ ಕಲಿತು, ಸಾಲ ಮಾಡಿ ಸೀನರಿ ತರಿಸಿ, ಉಳೋ ರೈತರೇ ಭೀಮ ದುರ್ಯೋಧನ ಆಗೋರು. ಹಾಡಿನಲ್ಲಂತೂ ಕೈವಾರದ ತಾತಯ್ಯನವರು ತೆಲುಗು ಕನ್ನಡ ಎರಡರಲ್ಲೂ ಪದ ಕಟ್ಟಿದರು. ನಮ್ಮ ಭಜನೆಯಲ್ಲಿ ಅವು ಇವತ್ತೂ ಒಂದರ ಹಿಂದೊಂದು ಬರ್ತವೆ. ಯಾವುದು ಯಾವ ಭಾಷೆ ಅಂತ ತಾಳಕ್ಕೆ ಗೊತ್ತಿಲ್ಲ.

ಹಾಗಿದ್ದರೆ ಅಲ್ಲಿ ಉಳೀತು, ಇಲ್ಲಿ ಯಾಕೆ ಸೊರಗಿತು? ಟೆಂಟ್ ಸಿನಿಮಾ ಬಂತು, ಬೊಂಬೆಯಾಟ ಹೋಯ್ತು ಅಂತಾರೆ. ಟೀವಿಯಲ್ಲಿ 1987ರಲ್ಲಿ ರಾಮಾಯಣ ಶುರುವಾಯ್ತು, ರಾತ್ರಿ ಆಟಕ್ಕೆ ಜನ ಇಲ್ಲ ಅಂತಾರೆ. ನನಗೆ ಅದು ಅರ್ಧ ಮಾತು ಅನ್ನಿಸುತ್ತೆ. ಹೆಗ್ಗೋಡಿಗೂ ಸಿನಿಮಾ ಬಂತು. ಅಲ್ಲಿ ಅದನ್ನು ನಾಟಕದ ಪಕ್ಕದಲ್ಲಿ ಕೂರಿಸಿದರು. ಇವತ್ತು ನೋಡಿದವನು ನಾಳೆ ಆಡಿದ, ಆಡಿದವನು ನಾಳಿದ್ದು ನೋಡಿದ. ನಮ್ಮಲ್ಲಿ ನಾವು ಟಿಕೀಟು ಕೊಳ್ಳೋರು ಮಾತ್ರ ಆದೆವು. ಆಡೋದನ್ನು ಬಿಟ್ಟೆವು.

ನ್ಯಾಯವಾಗಿ ಇನ್ನೊಂದೂ ಹೇಳಬೇಕು. ಅಲ್ಲಿ ಅಡಿಕೆ, ಇಲ್ಲಿ ಕಡಲೆಕಾಯಿ. ಅಲ್ಲಿ ತೋಟ ಮನುಷ್ಯನನ್ನು ಊರಲ್ಲಿ ಹಿಡಿದಿಡುತ್ತೆ. ಇಲ್ಲಿ ಬೆಳೆ ಹೋದ ವರ್ಷ ಹುಡುಗರು ಬೆಂಗಳೂರು ಬಸ್ಸು ಹತ್ತುತಾರೆ. ಜೊತೆಗೆ ನಾವು ಗಡಿಯವರು. 1953ರಲ್ಲಿ ಆಂಧ್ರ ಆಯ್ತು, ಬಳ್ಳಾರಿ ಮೈಸೂರಿಗೆ ಹೋಯ್ತು, ಅನಂತಪುರ ಇಲ್ಲಿ ಉಳೀತು. 1956ರಲ್ಲಿ ಗೆರೆ ಗಟ್ಟಿ ಆಯ್ತು. ಗೆರೆ ಎಳೆದದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ನನ್ನ ಜೊತೆ ಹಾಡೋ ಇಬ್ಬರು ಕಲಾವಿದರ ಮಾಸಾಶನ ಕೇಳಕ್ಕೆ ಹೋದಾಗ ಒಂದು ಕಚೇರಿಯಲ್ಲಿ ‘ನೀವು ಆ ರಾಜ್ಯದವರು’ ಅಂದರು, ಇನ್ನೊಂದು ಕಚೇರಿಯಲ್ಲಿ ‘ನಿಮ್ಮ ಪದ ಆ ಭಾಷೆಯದು’ ಅಂದರು. ಅವರಲ್ಲಿ ಒಬ್ಬ ಈಗಿಲ್ಲ. ಅವನಿಗೆ ಬಾಯಿಪಾಠ ಇದ್ದ ಪದಗಳನ್ನು ಯಾರೂ ಬರೆದಿಟ್ಟುಕೊಂಡಿಲ್ಲ. ನಮ್ಮ ಭಜನೆ ಮೇಳದಲ್ಲಿ ಹನ್ನೊಂದು ಜನ ಇದ್ದೆವು, ಈಗ ನಾಲ್ಕು. ನಾಲ್ವರಲ್ಲಿ ನಾನೇ ಚಿಕ್ಕವನು.

ಅದಕ್ಕೇ ಹೆಗ್ಗೋಡಿನಿಂದ ನಾವು ತರಬೇಕಾಗಿರೋದು ಕಟ್ಟಡ ಅಲ್ಲ, ಕ್ರಮ. ಅಕ್ಟೋಬರ್ ನಮಗೆ ಆಗಲ್ಲ, ಅದು ಕಡಲೆಕಾಯಿ ಕೀಳೋ ಕಾಲ. ನಮಗೆ ಸಂಕ್ರಾಂತಿ ಕಳೆದು ಶಿವರಾತ್ರಿ ಒಳಗೆ ಬಿಡುವು. ವಾಚನಾಲಯದ ಮುಂದೆ ಜಾಗ ಇದೆ, ಬಿಳಿ ಗೋಡೆ ಇದೆ. ಏಳು ರಾತ್ರಿ ಸಾಕು. ಎರಡು ರಾತ್ರಿ ತೊಗಲುಬೊಂಬೆ. ನಿಮ್ಮಲಕುಂಟ ದೂರ ಅಲ್ಲ, ಕೊಡೋ ಸಂಭಾವನೆ ಮಾತ್ರ ಮುಂಚೇನೇ ಕೂಡಿಸಿ ಇಡಬೇಕು. ಒಂದು ರಾತ್ರಿ ತತ್ವಪದ. ಒಂದು ರಾತ್ರಿ ಹೆಂಗಸರ ಸೋಬಾನೆ ಪದ, ರಾಗಿ ಬೀಸೋ ಪದ. ಅದಕ್ಕೆ ಮೈಕು ಬೇಡ, ಅವರು ಕೂತ ಕಡೆಗೇ ನಾವು ಹೋಗಿ ಕೂರಬೇಕು. ಒಂದು ರಾತ್ರಿ ಕುರುಕ್ಷೇತ್ರದ ಎರಡು ಸೀನು. ಎರಡು ರಾತ್ರಿ ಗೋಡೆ ಮೇಲೆ ಸಿನಿಮಾ. ಕನ್ನಡ, ತೆಲುಗು ಎರಡೂ ಇರಲಿ. ಪ್ರತಿ ರಾತ್ರಿ ಆಟ ಮುಗಿದ ಮೇಲೆ ದೀಪ ಆರಿಸದೇ ಅರ್ಧ ಗಂಟೆ ಮಾತು. ಓದಿದವರು ಕೊನೆಗೆ ಮಾತಾಡಲಿ, ಮೊದಲು ಹೆಂಗಸರು, ಮಕ್ಕಳು ಹೇಳಲಿ.

ಮೊದಲ ವರ್ಷ ಇಪ್ಪತ್ತು ಜನ ಬರಬಹುದು. ಬರಲಿ. ಹೆಗ್ಗೋಡಿನವರು 23 ವರ್ಷ ರಂಗಮಂದಿರಕ್ಕೆ ಕಾದರು. ನಮಗೆ ಅಷ್ಟು ವರ್ಷ ಇಲ್ಲ, ಹಾಡೋರಿಗೆ ವಯಸ್ಸಾಗಿದೆ. ಆದ್ದರಿಂದ ಓದುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಮನೆಯಲ್ಲಿ ಅಜ್ಜ ಬರೆದಿಟ್ಟ ಪದದ ಪುಸ್ತಕ, ನಾಟಕದ ಪ್ರತಿ, ಹಳೇ ತಾಳ ಏನಿದ್ದರೂ ವಾಚನಾಲಯಕ್ಕೆ ತಂದು ತೋರಿಸಿ. ಅಜ್ಜಿಗೆ ಪದ ಬಂದರೆ ಮೊಮ್ಮಕ್ಕಳು ಫೋನಿನಲ್ಲಿ ಹಿಡಿದಿಡಿ. ಸಂಕ್ರಾಂತಿಗೆ ಮುಂಚೆ ಒಂದು ಭಾನುವಾರ ಎಲ್ಲರೂ ಕೂತು ಏಳು ರಾತ್ರಿಯ ದಿನ ಗೊತ್ತುಮಾಡೋಣ.