ತರಗತಿಯ ಹೊರಗೆ ಬೆಳೆದ ಭಾಷೆ

ಕಿವುಡ ಮಕ್ಕಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಮಂದಿಯ ತಂದೆತಾಯಿ ಕಿವಿ ಕೇಳುವವರೇ. ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರಿನಂಥ ಕಾಡಂಚಿನ ಊರಿನಲ್ಲಿ ಅಂಥ ಮಗು ಹುಟ್ಟಿದರೆ ಅನ್ನ, ನೀರು, ನಿದ್ದೆಗೆ ಮನೆಯವರ ಕೈಸನ್ನೆ ಸಾಕಾದೀತು. ನಿನ್ನೆ ಏನಾಯಿತು, ಯಾಕಾಯಿತು ಎಂದು ಕೇಳಲು ಸಾಲದು. ಪೂರ್ತಿ ಭಾಷೆಯೊಂದು ಕೈಗೆ ಸಿಗಬೇಕಾದರೆ ಮಗು ಊರು ಬಿಡಬೇಕು. ಮೈಸೂರಿನಲ್ಲಿ 1901ರಲ್ಲೇ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾಗಿತ್ತು. ಆದರೆ ಅದಕ್ಕೆ ಎರಡು ದಶಕ ಮೊದಲು, 1880ರಲ್ಲಿ, ಇಟಲಿಯ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಸನ್ನೆಯನ್ನು ತರಗತಿಯಿಂದ ಹೊರಗಿಟ್ಟು ಮಾತನ್ನೇ ಕಲಿಸಬೇಕೆಂದು ನಿರ್ಣಯಿಸಿತ್ತು. ಭಾರತದ ಶಾಲೆಗಳೂ ಬಹುಮಟ್ಟಿಗೆ ಆ ದಾರಿಯನ್ನೇ ಹಿಡಿದವು. ಪಾಠದ ಹೊತ್ತಿನಲ್ಲಿ ತುಟಿಯ ಚಲನೆ ನೋಡಿ ಉಚ್ಚಾರ ಕಲಿಯುವುದು. ಗಂಟೆ ಹೊಡೆದ ಮೇಲೆ ಅಂಗಳದಲ್ಲಿ, ಹಾಸ್ಟೆಲಿನಲ್ಲಿ ದೊಡ್ಡವರಿಂದ ಚಿಕ್ಕವರಿಗೆ ಸನ್ನೆ ದಾಟುವುದು. 1970ರ ದಶಕದ ಕೊನೆಯಲ್ಲಿ ಮದನ್ ವಾಸಿಷ್ಠ, ಜೇಮ್ಸ್ ವುಡ್‌ವರ್ಡ್, ಕರ್ಕ್ ವಿಲ್ಸನ್ ಅವರು ದೆಹಲಿ, ಮುಂಬೈ, ಕೋಲ್ಕತ್ತ, ಬೆಂಗಳೂರುಗಳ ಸನ್ನೆಗಳನ್ನು ಹೋಲಿಸಿ, ಊರೂರಿಗೆ ಕೆಲವು ಪದ ಬೇರೆಯಾದರೂ ಅವು ಒಂದೇ ಭಾಷೆಯ ಪ್ರಭೇದಗಳು ಎಂದು ತೋರಿಸಿದರು. ಯಾವ ಪಠ್ಯಕ್ರಮವೂ ಕಲಿಸದ ಭಾಷೆಯನ್ನು ಮಕ್ಕಳೇ ಉಳಿಸಿಕೊಂಡು ಬಂದಿದ್ದರು.

ಸರ್ಕಾರದ ಮನ್ನಣೆ ಬಂದದ್ದು ತೀರಾ ತಡವಾಗಿ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು, 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. 2021ರಲ್ಲಿ 10,000 ಪದಗಳ ನಿಘಂಟು ಹೊರಬಂತು, ಮುಕ್ತ ಶಾಲೆಯಲ್ಲಿ ಈ ಭಾಷೆ ಪ್ರೌಢ ಹಂತದ ವಿಷಯವೂ ಆಯಿತು. ಎಲ್ಲವೂ ಬೇಕಾದದ್ದೇ. ಆದರೆ ಭಾಷೆ ಬೇರೂರುವುದು ಮೊದಲ ಐದು ವರ್ಷಗಳಲ್ಲಿ. ಪ್ರೌಢಶಾಲೆಯಲ್ಲಿ ಸಿಗುವ ಮನ್ನಣೆ ಆ ವರ್ಷಗಳನ್ನು ಮರಳಿ ಕೊಡದು.

ಸನ್ನೆ ಕಲಿತರೆ ಮಗು ಮಾತಾಡುವುದಿಲ್ಲ ಎಂಬ ಭಯ ಹಳೆಯದು. ಮೈಸೂರಿನಲ್ಲೇ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಶ್ರವಣ ಸಾಧನವಿದೆ, ಕಾಕ್ಲಿಯರ್ ಇಂಪ್ಲಾಂಟ್ ಇದೆ, ಸನ್ನೆ ಯಾಕೆ ಎಂದು ಕೇಳುವವರೂ ಇದ್ದಾರೆ. ಅವುಗಳ ಉಪಕಾರ ದೊಡ್ಡದು, ಆದರೆ ಫಲ ಎಲ್ಲ ಮಕ್ಕಳಿಗೂ ಒಂದೇ ಸಮ ಸಿಗುವುದಿಲ್ಲ. ದೋಷ ಪತ್ತೆಯಾಗುವುದು ತಡವಾದಷ್ಟೂ ಫಲ ಕಡಿಮೆ. ಸಾಧನ ಕೈಕೊಟ್ಟ ಮಗುವಿಗೆ ಸನ್ನೆಯೂ ಇಲ್ಲದಿದ್ದರೆ ಉಳಿಯುವುದೇನು? ಹುಟ್ಟಿನಿಂದಲೇ ಸನ್ನೆ ಕಂಡು ಬೆಳೆದ, ಕಿವುಡ ತಂದೆತಾಯಿಯರ ಮಕ್ಕಳು ಓದಿನಲ್ಲಿ ಸಾಮಾನ್ಯವಾಗಿ ಇತರ ಕಿವುಡ ಮಕ್ಕಳಿಗಿಂತ ಮುಂದಿರುವುದನ್ನು ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ. ಊರಿನಲ್ಲಿ ಬಾಳಲು ಕನ್ನಡ ಬೇಕಲ್ಲವೇ ಎಂಬುದೂ ನ್ಯಾಯವಾದ ಪ್ರಶ್ನೆ. ಬೇಕು, ಆದರೆ ಬರೆದ ಕನ್ನಡದ ಅರ್ಥವನ್ನು ಮಗುವಿಗೆ ವಿವರಿಸಲು ಅದಕ್ಕೆ ಮೊದಲೇ ಗೊತ್ತಿರುವ ಭಾಷೆಯೊಂದು ಇರಬೇಕು.

ಸಂಜ್ಞಾ ಭಾಷೆ ಬಲ್ಲ ಶಿಕ್ಷಕರನ್ನು, ಅಂಗವಿಕಲ ಶಿಕ್ಷಕರನ್ನೂ ಸೇರಿಸಿ, ತರಬೇತು ಮಾಡಿ ನೇಮಿಸಬೇಕೆಂದು 2016ರ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಆ ನೇಮಕ ತಾಲ್ಲೂಕು ಮಟ್ಟಕ್ಕೆ ಇಳಿಯಲಿ, ಅಂಗನವಾಡಿಯಿಂದಲೇ ಶುರುವಾಗಲಿ, ತಾಯಂದಿರಿಗೂ ಕಲಿಸಲಿ.